ಗೋಕರ್ಣದ ಬೀಚ್ ಉಳೀಬೇಕಾದ್ರೆ ಗುಡ್ಡದ ಅಂಚು ಬಿಡಿ

ಗೋಕರ್ಣ: ಮಳೆಗಾಲ ಬಂತೆಂದರೆ ನಮ್ಮ ಕಡೆ ಎರಡು ಮಾತು ಇದ್ದದ್ದೇ. ಒಂದು, ‘ಬಂಡೆ ಮೇಲೆ ಸೆಲ್ಫಿ ತೆಗೆಯೋಕೆ ಹೋಗಿ ಸಮುದ್ರಕ್ಕೆ ಬಿದ್ರಂತೆ’. ಇನ್ನೊಂದು, ‘ಮರಳೆಲ್ಲ ಸಮುದ್ರ ನುಂಗ್ತು, ಕಲ್ಲಿನ ತಡೆಗೋಡೆ ಹಾಕ್ಬೇಕು’. ಎರಡರ ಹಿಂದೆಯೂ ಇರುವುದು ಅಲೆಯ ಕೆಲಸವೇ.

ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳನ್ನು ನೋಡಿ. ಒಂದು ಬೀಚ್ ದಾಟಿದರೆ ಗುಡ್ಡ, ಗುಡ್ಡ ದಾಟಿದರೆ ಮತ್ತೊಂದು ಬೀಚ್. ಗುಡ್ಡದ ಮೂಗು ಸಮುದ್ರಕ್ಕೆ ಚಾಚಿದ ಕಡೆ ಅಲೆಗಳು ಬಾಗಿ ಬಂದು ಅಲ್ಲೇ ಜೋರಾಗಿ ಬಡಿಯುತ್ತವೆ. ಒಳಗಿನ ಕೊಲ್ಲಿಗೆ ಬರುವಾಗ ಹರಡಿಕೊಂಡು ಬಲ ಕಳೆದುಕೊಳ್ಳುತ್ತವೆ, ಮರಳು ಬಿಟ್ಟು ಹೋಗುತ್ತವೆ. ಅಂದರೆ ಗುಡ್ಡ ಪೆಟ್ಟು ತಿನ್ನುವುದರಿಂದಲೇ ನಮಗೆ ಬೀಚ್ ಸಿಕ್ಕಿದೆ.

ಆ ಪೆಟ್ಟು ಸಣ್ಣದಲ್ಲ. ಒಂದು ಘನ ಮೀಟರ್ ಸಮುದ್ರದ ನೀರೇ ಸಾವಿರ ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ. ಅಲೆ ಬಂಡೆಯ ಬಿರುಕಿಗೆ ನುಗ್ಗಿದಾಗ ಒಳಗಿನ ಗಾಳಿ ಒತ್ತಿ ಬಿರುಕು ಅಗಲವಾಗುತ್ತದೆ. ಅಲೆ ಎತ್ತಿ ತಂದ ಕಲ್ಲು, ಮರಳು ಬುಡವನ್ನು ಉಜ್ಜುತ್ತವೆ. ಬುಡ ಸವೆದು ಗುಹೆಯಾಗುತ್ತದೆ, ಕೆಲವು ಕಡೆ ಕಮಾನು. ಕಮಾನು ಕುಸಿದರೆ ನೀರಲ್ಲಿ ಒಂಟಿ ಬಂಡೆ ಉಳಿಯುತ್ತದೆ. ಚಿರೆಕಲ್ಲಿನ ಕೆಳಗೆ ಮೆದು ಜೇಡಿಮಣ್ಣಿದ್ದರೆ ಇನ್ನೂ ಅಪಾಯ: ಮೇಲೆ ಗಟ್ಟಿ, ಅಡಿಯಲ್ಲಿ ಪೊಳ್ಳು. ಸವೆಯೋಕೆ ನೂರಾರು ವರ್ಷ ಬೇಕಾಗಬಹುದು, ಬೀಳೋಕೆ ಒಂದು ಕ್ಷಣ ಸಾಕು.

ಇನ್ನು ಮರಳಿನ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಅಲೆ ಮರಳನ್ನು ಒಳಸಮುದ್ರಕ್ಕೆ ಎಳೆಯುತ್ತದೆ, ಮಳೆಗಾಲ ಮುಗಿದ ಮೇಲೆ ಸಣ್ಣ ಅಲೆ ಅದರಲ್ಲಿ ಬಹುಪಾಲನ್ನು ವಾಪಸ್ ತರುತ್ತದೆ. ಜುಲೈಯಲ್ಲಿ ನೋಡಿ ಹೆದರಿ ಗೋಡೆ ಕಟ್ಟಿದರೆ, ಅಲೆ ಗೋಡೆಗೆ ಬಡಿದು ಹಿಂದೆ ಸರಿಯುವಾಗ ಬುಡದ ಮರಳನ್ನೇ ಕೆತ್ತಿಕೊಂಡು ಹೋಗುತ್ತದೆ. ಗೋಡೆ ಉಳಿದೀತು, ಬೀಚ್ ಹೋದೀತು. ಮರಳು ನಿಜಕ್ಕೂ ಕಡಿಮೆಯಾಗಿದೆಯಾ ಅಂತ ತಿಳಿಯಬೇಕಾದರೆ ಒಂದು ಮಳೆಗಾಲ ಸಾಲದು. ಬೇಸಿಗೆಯಿಂದ ಬೇಸಿಗೆಗೆ ಹೋಲಿಸಬೇಕು.

2019ರ ಸಿಆರ್‌ಝಡ್ ಅಧಿಸೂಚನೆ ಪ್ರಕಾರ ಜನಸಾಂದ್ರತೆ ಕಡಿಮೆ ಇರುವ ಗ್ರಾಮೀಣ ತೀರದಲ್ಲಿ ಭರತದ ಗೆರೆಯಿಂದ 200 ಮೀಟರ್ ಅಭಿವೃದ್ಧಿ ನಿಷೇಧ ವಲಯ. ‘ಸುಮ್ನೆ ಕಿರಿಕಿರಿ’ ಅನ್ನೋ ಅಂಗಡಿಕಾರರು ಇದ್ದಾರೆ. ಆದರೆ ಗುಡ್ಡದ ಅಂಚು ಕಡಿದು, ಭಾರ ಹೇರಿದರೆ ಮೊದಲು ಕುಸಿಯುವುದು ನಮ್ಮದೇ ಕಟ್ಟಡ. ಪ್ರವಾಸಿಗರು ಬರೋದು ಈ ಬಂಡೆ, ಈ ಮರಳು ನೋಡೋಕೆ.

ಸದ್ಯಕ್ಕೆ ನಮ್ಮ ಕೈಲಿ ಆಗೋದು ಇಷ್ಟು: ಅಂಗಡಿಗೆ ಬಂದವರಿಗೆ ‘ಪಾಚಿ ಬಂಡೆ ಹತ್ಬೇಡಿ, ಅಂಚಲ್ಲಿ ನಿಲ್ಬೇಡಿ’ ಅಂತ ಒಂದು ಮಾತು ಹೇಳಿ. ಬೋರ್ಡ್ ಓದದವರೂ ಚಾ ಕೊಟ್ಟವರ ಮಾತು ಕೇಳ್ತಾರೆ.