ಗಡಸು ನೀರಿನ ಯಂತ್ರವೂ ಗೃಹಸ್ಥನ ಲೆಕ್ಕವೂ

ಹೈದರಾಬಾದಿನ ಹೊರವಲಯದ ಬಡಾವಣೆಗಳಲ್ಲಿ ಮನೆ ಮಾಡಿದ ಕನ್ನಡ ಕುಟುಂಬಗಳಿಗೆ ಮೊದಲ ತಿಂಗಳಲ್ಲಿಯೇ ಪರಿಚಯವಾಗುವುದು ಅಲ್ಲಿಯ ಗಡಸು ನೀರು. ತೊಗರಿಬೇಳೆ ಬೇಗ ಬೇಯದು, ಸಾಬೂನು ನೊರೆಗಟ್ಟದು, ಗೀಸರಿನ ಒಳಮೈಗೆ ಸುಣ್ಣದ ಪೊರೆ ಹಿಡಿಯುತ್ತದೆ. ನಗರಕ್ಕೆ ಬೀದರ ಜಿಲ್ಲೆಯನ್ನು ಹಾದುಹೋಗುವ ಮಂಜೀರೆಯ ನೀರೂ ಕೃಷ್ಣಾ, ಗೋದಾವರಿಗಳ ನೀರೂ ಬರುವುದು ನಿಜ. ಆದರೂ ಸ್ನಾನಕ್ಕೆ, ಬಟ್ಟೆಗೆ ಕೊಳವೆಬಾವಿಯನ್ನೋ ಟ್ಯಾಂಕರನ್ನೋ ನಂಬಿದ ಮನೆಗಳು ಬಹಳ. ಅಂತಹವರು ಸಾವಿರಾರು ರೂಪಾಯಿ ತೆತ್ತು ವಾಟರ್ ಸಾಫ್ಟ್‌ನರ್ ಕೊಳ್ಳುತ್ತಾರೆ. ಅದರಲ್ಲಿ ದೋಷವಿಲ್ಲ. ದೋಷವಿರುವುದು, ಕೊಂಡ ದಿನವೇ ಕಾರ್ಯ ಮುಗಿಯಿತೆಂದು ಭಾವಿಸುವುದರಲ್ಲಿ.

ಈ ಯಂತ್ರವು ನೀರನ್ನು ಸೋಸುವುದಿಲ್ಲ. ಒಂದು ವಿನಿಮಯವನ್ನು ನಡೆಸುತ್ತದೆ, ಅಷ್ಟೆ. ಅದರೊಳಗಿನ ರೆಸಿನ್ ಎಂಬ ಸಣ್ಣ ಮಣಿಗಳು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹಿಡಿದುಕೊಂಡು, ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳಲ್ಲಿಯ ಸೋಡಿಯಂ ತೀರಿದಾಗ ಉಪ್ಪುನೀರನ್ನು ಹಾಯಿಸಿ ಅವನ್ನು ಪುನಶ್ಚೇತನಗೊಳಿಸಬೇಕು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಇದು ದಿನವೂ ಹಣ ತೆಗೆಯುವ, ಆಗಾಗ ಜಮಾ ಮಾಡಲೇಬೇಕಾದ ಖಾತೆ. ಒಂದೇ ಒಂದು ವ್ಯತ್ಯಾಸ: ಶಿಲ್ಕು ಮುಗಿದ ಸಂಗತಿಯನ್ನು ಯಾರೂ ತಿಳಿಸುವುದಿಲ್ಲ. ನೀರು ಎಂದಿನಂತೆ ಹರಿಯುತ್ತಲೇ ಇರುತ್ತದೆ, ಗಡಸಾಗಿ.

ಈ ಖಾತೆಯ ಲೆಕ್ಕವೇನೂ ಕಠಿಣವಲ್ಲ. ಒಂದು ಲೀಟರ್ ರೆಸಿನ್ ಸಾಧಾರಣವಾಗಿ 50 ಗ್ರಾಂನಷ್ಟು ಗಡಸುತನವನ್ನು ಹಿಡಿಯಬಲ್ಲದೆಂದು ಇಟ್ಟುಕೊಳ್ಳೋಣ. 25 ಲೀಟರ್ ರೆಸಿನ್ ಇರುವ ಯಂತ್ರಕ್ಕೆ 1250 ಗ್ರಾಂ ಆಯಿತು. ನೀರಿನ ಗಡಸುತನ ಲೀಟರಿಗೆ 400 ಮಿಲಿಗ್ರಾಂ ಇದ್ದರೆ 3125 ಲೀಟರ್ ನೀರು ಮೃದುವಾಗುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಸಂಸಾರಕ್ಕೆ 540 ಲೀಟರ್ ಬೇಕು. ಎಂದರೆ ಆರನೆಯ ದಿನ ತುಂಬುವ ಮೊದಲೇ ಪುನಶ್ಚೇತನವಾಗಬೇಕು, ಪ್ರತಿ ಸಲವೂ ಸುಮಾರು 3 ಕಿಲೋ ಉಪ್ಪು ಬೇಕು. ಬೇಸಿಗೆಯಲ್ಲಿ ಕೊಳವೆಬಾವಿ ಇಳಿದು ಗಡಸುತನ 600ಕ್ಕೆ ಏರಿತೋ, ಅದೇ ಯಂತ್ರ ನಾಲ್ಕು ದಿನವೂ ಬಾಳದು. ಊರಿನಿಂದ ಬಂಧುಗಳು ಬಂದಿಳಿದರೆ ಇನ್ನೂ ಬೇಗ. ಹೀಗಿರುವಲ್ಲಿ ಯಂತ್ರ ಹೂಡಿದ ದಿನ ತಿರುಗಿಸಿಟ್ಟ ಅಂಕಿಯನ್ನು ವರ್ಷಗಟ್ಟಲೆ ಮುಟ್ಟದಿರುವ ಗೃಹಸ್ಥರು ಯಂತ್ರವನ್ನು ದೂರುವುದು ನ್ಯಾಯವಲ್ಲ.

ಪರೀಕ್ಷೆಯ ವಿಷಯದಲ್ಲಿಯೂ ಒಂದು ಭ್ರಮೆ ಹರಡಿದೆ. ಮಾರಾಟಗಾರರು ಲೇಖನಿಯಂತಹ ಟಿ.ಡಿ.ಎಸ್. ಮೀಟರನ್ನು ನೀರಿನಲ್ಲಿ ಅದ್ದಿ ತೋರಿಸುತ್ತಾರೆ. ಅದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಮೊತ್ತವನ್ನು ಸೂಚಿಸುತ್ತದೆಯೇ ಹೊರತು ಗಡಸುತನವನ್ನಲ್ಲ. ಸಾಫ್ಟ್‌ನರ್ ಒಂದು ಲವಣವನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವುದರಿಂದ ಆ ಮೊತ್ತ ಹೆಚ್ಚು ಬದಲಾಗದು. ಗಡಸುತನಕ್ಕೆ ಬೇರೆಯ ಹನಿ-ಪರೀಕ್ಷೆಯಿದೆ: ಸೀಸೆಯಲ್ಲಿಯ ನೀರು ಕೆಂಪಿನಿಂದ ನೀಲಿಗೆ ತಿರುಗುವವರೆಗೆ ಹನಿಗಳನ್ನು ಎಣಿಸುವುದು. ಎರಡು ನಿಮಿಷದ ಕೆಲಸ. ವಾರಕ್ಕೊಮ್ಮೆ ಮಾಡಿ, ತಾರೀಖು ಸಹಿತ ಬರೆದಿಟ್ಟರೆ ಸಾಕು. ಅದೂ ಇಲ್ಲದ ಮನೆಯಲ್ಲಿ ಸಾಬೂನಿನ ನೊರೆಯೇ ಪರೀಕ್ಷಕ.

ಉಪ್ಪಿನಲ್ಲಿಯೂ ಮಿತವ್ಯಯದ ಹೆಸರಿನಲ್ಲಿ ಅನರ್ಥವಾಗುತ್ತದೆ. ಮಣ್ಣು ಬೆರೆತ ಅಗ್ಗದ ಉಪ್ಪು ತೊಟ್ಟಿಯ ತಳದಲ್ಲಿ ಕೆಸರಾಗುತ್ತದೆ. ಅಡುಗೆಯ ಪುಡಿಯುಪ್ಪು ಹೆಪ್ಪುಗಟ್ಟುತ್ತದೆ. ಶುಭ್ರವಾದ ಹರಳುಪ್ಪೋ ಬಿಲ್ಲೆಯುಪ್ಪೋ ಮೇಲು. ಕೆಲವೊಮ್ಮೆ ಮೇಲುಗಡೆ ಉಪ್ಪು ಕಮಾನಿನಂತೆ ಗಟ್ಟಿಯಾಗಿ, ಕೆಳಗೆ ಪೊಳ್ಳಾಗಿರುತ್ತದೆ. ತೊಟ್ಟಿ ತುಂಬಿದೆಯೆಂದು ಮನೆಯವರು ನಿಶ್ಚಿಂತರಾಗಿರುತ್ತಾರೆ, ಉಪ್ಪುನೀರು ಮಾತ್ರ ಹುಟ್ಟುವುದೇ ಇಲ್ಲ. ತಿಂಗಳಿಗೊಮ್ಮೆ ಕೋಲಿನಿಂದ ಕದಲಿಸಿ ನೋಡುವುದು ಒಳ್ಳೆಯದು. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಮಣಿಗಳಿಗೆ ಕಂದು ಲೇಪ ಬೀಳುವುದರಿಂದ, ಅದನ್ನು ಮೊದಲೇ ತೆಗೆಯುವ ವ್ಯವಸ್ಥೆ ಬೇಕು.

ಇವೆಲ್ಲಕ್ಕಿಂತ ಗಂಭೀರವಾದದ್ದು ಆರೋಗ್ಯದ ಪ್ರಶ್ನೆ. ಮೃದುವಾದ ನೀರು ಶುದ್ಧವಾದ ನೀರೆಂಬ ನಂಬಿಕೆ ಸರ್ವೇಸಾಮಾನ್ಯವಾಗಿದೆ. ಸಾಫ್ಟ್‌ನರ್ ರೋಗಾಣುಗಳನ್ನು ಕೊಲ್ಲದು. ಫ್ಲೋರೈಡನ್ನೂ ನೈಟ್ರೇಟನ್ನೂ ತೆಗೆಯದು. ಮೇಲಾಗಿ ಸೋಡಿಯಂ ಸೇರಿಸುತ್ತದೆ. 400 ಮಿಲಿಗ್ರಾಂ ಗಡಸುತನವನ್ನು ಪೂರ್ತಿ ಕಳೆದ ಒಂದು ಲೀಟರ್ ನೀರಿಗೆ 184 ಮಿಲಿಗ್ರಾಂ ಸೋಡಿಯಂ ಬಂದು ಸೇರುತ್ತದೆ. ದಿನಕ್ಕೆ ಮೂರು ಲೀಟರ್ ಕುಡಿಯುವವರ ಹೊಟ್ಟೆಗೆ ಸುಮಾರು 550 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ ಇರಲೆನ್ನುತ್ತದೆ. ಅದರ ಕಾಲುಭಾಗಕ್ಕೂ ಮಿಕ್ಕಿ ನೀರಿನಿಂದಲೇ ಆಯಿತು. ರಕ್ತದೊತ್ತಡಕ್ಕಾಗಿ ಉಪ್ಪಿನಕಾಯಿ, ಹಪ್ಪಳಗಳನ್ನು ತ್ಯಜಿಸಿದ ಹಿರಿಯರು ಲೋಟದಲ್ಲಿ ಸೋಡಿಯಂ ಕುಡಿಯುತ್ತಿರುವುದು ಮನೆಯವರ ಗಮನಕ್ಕೆ ಬಾರದಿರುವುದು ಶೋಚನೀಯ. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಯವರಿದ್ದರೆ ವೈದ್ಯರಿಗೆ ಈ ಸಂಗತಿಯನ್ನು ತಿಳಿಸಲೇಬೇಕು. ಅಡುಗೆಮನೆಯ ಒಂದು ನಲ್ಲಿಗಾದರೂ ಸಾಫ್ಟ್‌ನರಿಗೆ ಸೇರದ, ಕುಡಿಯಲು ಯೋಗ್ಯವಾದ ನೀರಿನ ಕೊಳವೆಯನ್ನು ಪ್ರತ್ಯೇಕವಾಗಿ ತರಬೇಕು. ಇಲ್ಲವೇ ಸಾಫ್ಟ್‌ನರಿನ ನೀರನ್ನು ಆರ್.ಓ. ಯಂತ್ರದ ಮೂಲಕ ಹಾಯಿಸಿ ಕುಡಿಯಬೇಕು, ಸೋಡಿಯಂನ ಬಹುಪಾಲು ಅಲ್ಲಿ ಕಳೆಯುತ್ತದೆ.

ಗಡಸು ನೀರೇನೂ ವಿಷವಲ್ಲ. 2012ರ ಭಾರತೀಯ ಮಾನಕವು 200 ಮಿಲಿಗ್ರಾಂವರೆಗೆ ಸ್ವೀಕಾರಾರ್ಹವೆಂದೂ ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೆ ಸಲ್ಲುವುದೆಂದೂ ಹೇಳಿದೆ. ಚರ್ಮವ್ಯಾಧಿಗೆ ಸಾಫ್ಟ್‌ನರ್ ಮದ್ದೆಂಬ ಪ್ರಚಾರವನ್ನೂ ಎಚ್ಚರದಿಂದ ಕೇಳಬೇಕು. ಎಕ್ಸಿಮಾ ಇದ್ದ 336 ಮಕ್ಕಳ ಮೇಲೆ ಇಂಗ್ಲೆಂಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಹೆಚ್ಚಿನ ಗುಣವೇನೂ ಕಂಡುಬರಲಿಲ್ಲ. ಯಂತ್ರದ ಲಾಭ ಗೀಸರಿಗೆ, ಕೊಳವೆಗಳಿಗೆ, ಸಾಬೂನಿನ ಖರ್ಚಿಗೆ. ಅಷ್ಟು ಸಾಲದೇ?

ವಸತಿಸಮುಚ್ಚಯಗಳಲ್ಲಿ ಸ್ಥಿತಿ ಮತ್ತೂ ವಿಚಿತ್ರ. ನೂರು ಮನೆಗಳಿಗೆ ಸೇರಿದ ದೊಡ್ಡ ಯಂತ್ರದ ಹಿಡಿಯನ್ನು ತಿರುಗಿಸುವ ಭಾರ ಕಾವಲುಗಾರನ ಮೇಲೆ. ಉಪ್ಪು ತರಿಸುವ ಭಾರ ಯಾರ ಮೇಲೂ ಇಲ್ಲ. ತೊಳೆದ ಉಪ್ಪುನೀರನ್ನು ತೋಟಕ್ಕೆ ಹರಿಯಬಿಟ್ಟು ಗಿಡ ಒಣಗಿಸುವುದೂ ಉಂಟು. ವಾರ್ಷಿಕ ಸಭೆಯಲ್ಲಿ ಯಂತ್ರದ ಬೆಲೆಗೆ ಮಂಜೂರಾತಿ ಕೇಳುವ ಸಮಿತಿಯು ಅದೇ ಹಾಳೆಯಲ್ಲಿ ಉಪ್ಪಿನ ವೆಚ್ಚ, ವಾರದ ಪರೀಕ್ಷೆಗೆ ಹೊಣೆಯಾದವರ ಹೆಸರು, ಮುಂದೆ ರೆಸಿನ್ ಬದಲಿಸಲು ತೆಗೆದಿಡುವ ಸವಕಳಿ ನಿಧಿ, ಈ ಮೂರನ್ನೂ ತೋರಿಸದಿದ್ದರೆ ಸದಸ್ಯರು ಮಂಜೂರಾತಿಯನ್ನು ಮುಂದಿನ ಸಭೆಗೆ ತಡೆಹಿಡಿಯುವುದೇ ಲೇಸು.