ಕಡಲಿನೊಳಗೆ ಕೋಲು ಯಾಕೆ?

ನೀರಿನಡಿಗೆ ಮುಳುಗಿ, ಉಗುರಿನಷ್ಟು ಗಾತ್ರದ ಜೀವಿಗಳ ಚಿತ್ರ ತೆಗೆಯುವವರ ಒಂದು ಕೈಯಲ್ಲಿ ಕ್ಯಾಮೆರಾ ಇರುತ್ತದೆ. ಅದು ಸರಿ. ಇನ್ನೊಂದು ಕೈಯಲ್ಲಿ ಕೋಲು ಯಾಕೆ? ಇಷ್ಟೇ ನನ್ನ ಪ್ರಶ್ನೆ.

ಸ್ಕೂಬಾ ಸಾಮಾನಿನ ಅಂಗಡಿಗಳಲ್ಲಿ ಮಾರುವ ತೆಳ್ಳಗಿನ ಲೋಹದ ಸರಳು ಅದು. ಸೆಳೆತ ಇರುವಲ್ಲಿ ಬರಿಯ ಮರಳಿಗೆ ಊರಿಕೊಳ್ಳಲು, ಹಿಂದಿನಿಂದ ಬರುವವರಿಗೆ ದೂರದಿಂದಲೇ ಏನನ್ನಾದರೂ ತೋರಿಸಲು ಉಪಯೋಗಕ್ಕೆ ಬರುತ್ತದೆ. ಆ ಕೆಲಸಕ್ಕೆ ಬಳಸುವವರ ಮೇಲೆ ನನಗೆ ತಕರಾರಿಲ್ಲ. ಆದರೆ ಅದರ ತುದಿ ಮರಳನ್ನು ಬಿಟ್ಟು ಜೀವಿಯ ಮೈಗೆ ತಾಗುವುದೂ ಉಂಟು. ಅಡಗಿದ್ದನ್ನು ಹೊರಗೆಳೆಯಲು, ಬೆನ್ನು ಹಾಕಿದ್ದನ್ನು ತಿರುಗಿಸಲು, ಮಂಕು ಹಿನ್ನೆಲೆಯಲ್ಲಿದ್ದುದನ್ನು ಬಣ್ಣದ ಹಿನ್ನೆಲೆಗೆ ಸಾಗಿಸಲು. ಹೀಗೆ ತೆಗೆದ ಚಿತ್ರಕ್ಕೆ ನಾವೆಲ್ಲ ‘ವಾಹ್’ ಎನ್ನುತ್ತೇವೆ. ಈ ‘ವಾಹ್’ ನಿಲ್ಲಬೇಕು ಎಂದು ಹೇಳುವುದಕ್ಕಾಗಿಯೇ ಈ ಬರಹ.

ನಾನು ಬ್ಯಾಂಕಿನ ಗುಮಾಸ್ತ. ಬಿ.ಎ. ಓದಿದವನೇ ಹೊರತು ಜೀವಶಾಸ್ತ್ರ ಬಲ್ಲವನಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ಎರಡು ಸಲ ನೀರಿಗೆ ಇಳಿದಿದ್ದೇನೆ, ಅಷ್ಟೇ. ಆದರೆ ಗಲ್ಫಿನಲ್ಲಿ ಉದ್ಯೋಗದಲ್ಲಿರುವ ನನ್ನ ಅಕ್ಕನ ಮಗನಿಗೆ ಈ ಹುಚ್ಚು ಚೆನ್ನಾಗಿ ಹಿಡಿದಿದೆ. ಕಳೆದ ಸಲ ಊರಿಗೆ ಬಂದವನು ಇಂಡೋನೇಷ್ಯಾದಲ್ಲಿ ತೆಗೆದ ಚಿತ್ರಗಳನ್ನು ಮನೆಮಂದಿಗೆಲ್ಲ ತೋರಿಸಿದ. ಒಂದರಲ್ಲಿ, ಕೆಂಪು ಬೀಸಣಿಗೆಯಂಥ ಹವಳದ ಮೇಲೆ ಬೆರಳ ತುದಿಯಷ್ಟು ದೊಡ್ಡ ಕಡಲಕುದುರೆ, ನೇರ ನಮ್ಮನ್ನೇ ನೋಡುತ್ತಿತ್ತು. “ಇದು ಹೀಗೆ ನಿನ್ನ ಕಡೆಗೇ ಮುಖ ಮಾಡಿ ಕೂತಿತೋ?” ಎಂದು ಕೇಳಿದೆ. “ಇಲ್ಲ ಮಾವ, ಗೈಡ್ ತಿರುಗಿಸಿಕೊಟ್ಟ. ಅಲ್ಲಿ ಎಲ್ಲರೂ ಹಾಗೇ ಮಾಡುವುದು” ಎಂದ. ಅವನ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಆ ‘ಎಲ್ಲರೂ’ ಎಂಬ ಮಾತಿನ ಮೇಲೆಯೇ ನನಗೆ ಸಿಟ್ಟು.

ಆ ಜೀವಿಯ ಸಂಗತಿಯನ್ನು ಸ್ವಲ್ಪ ಕೇಳಿ. ನಮ್ಮ ಕಡಲಕರೆಯ ಮಕ್ಕಳು ಬಲೆಗೆ ಬಿದ್ದು ಒಣಗಿದ ಕಡಲಕುದುರೆಯನ್ನು ಕಂಡಿರಬಹುದು. ಕನ್ನಡದಲ್ಲಿ ಕಡಲಕುದುರೆ, ಮಲಯಾಳದಲ್ಲಿ ಕಡಲ್‌ಕುದಿರ. ಈ ಒಂದು ವಿಷಯದಲ್ಲಾದರೂ ನಮ್ಮ ಎರಡು ಭಾಷೆಗಳಿಗೆ ಜಗಳವಿಲ್ಲ. ಅದರ ಕುಳ್ಳ ಜಾತಿಯೊಂದರ ಹೆಸರು ಹಿಪೋಕ್ಯಾಂಪಸ್ ಬಾರ್ಗಿಬಾಂಟಿ. ಎರಡು ಸೆಂಟಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ. 1969ರಲ್ಲಿ ನ್ಯೂ ಕ್ಯಾಲಿಡೋನಿಯಾದಲ್ಲಿ ಜಾರ್ಜ್ ಬಾರ್ಗಿಬಾಂ ಎಂಬವರು ಅಕ್ವೇರಿಯಂಗಾಗಿ ತಂದ ಬೀಸಣಿಗೆ ಹವಳವನ್ನು ನೋಡುತ್ತಿದ್ದಾಗ ಅದಕ್ಕೆ ಅಂಟಿಕೊಂಡಿದ್ದ ಈ ಜೀವಿ ಕಣ್ಣಿಗೆ ಬಿತ್ತು. ಮರುವರ್ಷ ಅದಕ್ಕೆ ಅವರ ಹೆಸರನ್ನೇ ಇಟ್ಟರು. ಹವಳದ ಬಣ್ಣವೇ ಅದರ ಬಣ್ಣ, ಹವಳದ ಗಂಟುಗಳೇ ಅದರ ಮೈಯ ಗಂಟುಗಳು. ಬಾಲದಿಂದ ಹವಳದ ಕಡ್ಡಿಯನ್ನು ಹಿಡಿದುಕೊಂಡು ಅಲ್ಲೇ ಬಾಳುತ್ತದೆ. ಓಡಿಹೋಗುವ ಶಕ್ತಿಯಿಲ್ಲ, ಮುಚ್ಚಿಕೊಳ್ಳಲು ಕಣ್ಣಿಗೆ ರೆಪ್ಪೆಯಿಲ್ಲ. ಕಾಣದೆ ಇರುವುದೊಂದೇ ಅದಕ್ಕಿರುವ ಬದುಕಿನ ಉಪಾಯ. ಬೆನ್ನು ತಿರುಗಿಸುವುದೊಂದೇ ಅದು ಹೇಳಬಲ್ಲ ‘ಬೇಡ’. ಆ ‘ಬೇಡ’ವನ್ನು ಕೋಲಿನಿಂದ ತಿರುಗಿಸಿ ‘ಬೇಕು’ ಮಾಡುವುದನ್ನು ಕಲೆ ಎಂದು ಕರೆಯಬೇಕೇ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಈ ಹವ್ಯಾಸದವರ ಸಮರ್ಥನೆಗಳನ್ನು ನಾನು ಕಿವಿಗೊಟ್ಟು ಕೇಳಿದ್ದೇನೆ. ಒಂದೊಂದನ್ನಾಗಿ ನೋಡೋಣ.

ಮೊದಲನೆಯದು: “ತೊಂದರೆಯಾಗುವುದು ಫ್ಲಾಶ್‌ನಿಂದ. ನಾವು ಅದನ್ನು ಮಿತವಾಗಿ ಬಳಸುತ್ತೇವೆ.” ನೀರು ಕೆಂಪು ಬೆಳಕನ್ನು ಬೇಗ ನುಂಗಿಬಿಡುತ್ತದೆ, ಕೆಲವೇ ಮೀಟರ್ ಇಳಿದರೆ ಕೆಂಪೆಲ್ಲ ಬೂದಿಬಣ್ಣ. ಆದ್ದರಿಂದ ಬಣ್ಣ ಬೇಕಾದರೆ ಬೆಳಕು ಕೊಂಡೊಯ್ಯಬೇಕು, ನಿಜ. ಆದರೆ ಮಾರ್ಟೆನ್ ಡಿ ಬ್ರಾವರ್ ಮತ್ತು ಸಂಗಡಿಗರು ಕಡಲಕುದುರೆ ಮೊದಲಾದ ತಳದ ಮೀನುಗಳ ಮೇಲೆ ಇದನ್ನೇ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ಫ್ಲಾಶ್‌ನಿಂದ ಕಣ್ಣಿಗೆ ಹಾನಿಯಾದದ್ದು ಅವರಿಗೆ ಕಾಣಲಿಲ್ಲ. ಜೀವಿಗಳು ಹೆಚ್ಚು ಕಂಗೆಟ್ಟದ್ದು ಮುಟ್ಟಿ ಅಲುಗಿಸಿದಾಗ. ಅಂದರೆ ನಾವು ಇಷ್ಟು ಕಾಲ ಬೆಳಕಿನ ಮೇಲೆ ದೂರು ಹೊರಿಸಿ, ಕೋಲನ್ನು ಬಿಟ್ಟುಬಿಟ್ಟಿದ್ದೆವು.

ಎರಡನೆಯದು: “ಕಡಲಿನಲ್ಲಿ ದೊಡ್ಡದು ಸಣ್ಣದನ್ನು ದಿನಾ ತಿನ್ನುತ್ತದೆ. ಒಂದು ಕೋಲು ತಾಗಿದರೆ ಏನು ಮಹಾ?” ತಿನ್ನುವ ಮೀನಿಗೆ ಹಸಿವೆ ಇದೆ. ನಿಮಗೆ ಏನಿದೆ? ಮೇಲಾಗಿ, ಒಂದು ಕಡೆ ಇಂಥದೊಂದು ಜೀವಿ ಇದೆ ಎಂದು ಸುದ್ದಿಯಾದರೆ ಬೆಳಗ್ಗೆ ಒಂದು ದೋಣಿ, ಮಧ್ಯಾಹ್ನ ಇನ್ನೊಂದು. ಅದೇ ಹವಳ, ಅದೇ ಕುದುರೆ. ‘ಒಂದು ಸಲ’ ಎನ್ನುವುದು ತಿರುಗಿಸಿದವರ ಲೆಕ್ಕ. ತಿರುಗಿಸಿಕೊಂಡ ಜೀವಿಯ ಲೆಕ್ಕ ಬೇರೆಯೇ. ಚಿಟ್ಟೆಮೀನಿನಂತೆ ಈಜಿ ಪಾರಾಗಲು ಅದಕ್ಕೆ ಸಾಧ್ಯವೂ ಇಲ್ಲ.

ಮೂರನೆಯದು: “ಗೈಡುಗಳ ಹೊಟ್ಟೆಪಾಡು.” ಈ ಮಾತಿಗೆ ತೂಕ ಇದೆ. ಇಂಡೋನೇಷ್ಯಾ ಮತ್ತು ಫಿಲಿಪೈನ್ಸ್ ದೇಶಗಳಲ್ಲಿ ಮರಳು, ಕೆಸರಿನ ತಳದ ಕಿರುಜೀವಿಗಳನ್ನು ನೋಡಲೆಂದೇ ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಮಂದಿ ಮುಳುಗುತ್ತಾರೆಂದೂ, ಇದರ ವಹಿವಾಟು 15 ಕೋಟಿ ಡಾಲರನ್ನು ಮೀರುತ್ತದೆಂದೂ, 2,200ಕ್ಕೂ ಹೆಚ್ಚು ಜನರಿಗೆ ಕೆಲಸ ಸಿಕ್ಕಿದೆಯೆಂದೂ 2017ರ ಅಧ್ಯಯನವೊಂದು ಲೆಕ್ಕ ಕೊಟ್ಟಿದೆ. ಆದ್ದರಿಂದಲೇ ನಾನು ಗೈಡನ್ನು ಬೈಯುವುದಿಲ್ಲ. ಗಿರಾಕಿಗೆ ಚಿತ್ರ ಸಿಕ್ಕಿದರೆ ಅವನಿಗೆ ಟಿಪ್ಸು. ಕೋಲು ಅವನ ಕೈಯಲ್ಲಿದ್ದರೂ ಅದನ್ನು ಆಡಿಸುವುದು ಗಿರಾಕಿಯ ಕಿಸೆ. ಬ್ಯಾಂಕಿನವನಾಗಿ ಒಂದು ಮಾತು ಹೇಳಬಲ್ಲೆ: ಬಡ್ಡಿಯಲ್ಲಿ ಬದುಕಬೇಕಾದವನು ಅಸಲಿಗೇ ಕೈ ಹಾಕಿದರೆ ಆ ಖಾತೆ ಬಹಳ ದಿನ ಉಳಿಯುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಜಾಣತನದ್ದು: “ಚಿತ್ರ ನೋಡಿದ ಜನರಿಗೆ ಕಡಲಿನ ಮೇಲೆ ಪ್ರೀತಿ ಹುಟ್ಟುತ್ತದೆ, ವಿಜ್ಞಾನಕ್ಕೂ ಲಾಭ.” ಹುಟ್ಟಲಿ, ಆಗಲಿ. ಆದರೆ ಯಾವ ಚಿತ್ರದಿಂದ? ದಕ್ಷಿಣ ಆಫ್ರಿಕದ ಸೋಡ್ವಾನಾ ಕೊಲ್ಲಿಯಲ್ಲಿ 2017ರಲ್ಲಿ ಸವಾನ್ನಾ ನಾಲು ಒಲಿವಿಯರ್ ಎಂಬ ಮುಳುಗು ಶಿಕ್ಷಕಿ ಒಂದು ಕುಳ್ಳ ಕಡಲಕುದುರೆಯನ್ನು ಕಂಡು ಚಿತ್ರ ತೆಗೆದರು. ಅದು ಹೊಸ ಜಾತಿಯೆಂದು 2020ರಲ್ಲಿ ಪ್ರಕಟವಾಗಿ, ಹಿಪೋಕ್ಯಾಂಪಸ್ ನಾಲು ಎಂಬ ಹೆಸರು ಬಂತು. ಆಫ್ರಿಕದ ಕಡಲಲ್ಲಿ ಸಿಕ್ಕ ಮೊದಲ ಕುಳ್ಳ ಕಡಲಕುದುರೆ ಅದು. ಗಮನಿಸಬೇಕಾದ ಅಂಶ, ಅದು ಬೀಸಣಿಗೆ ಹವಳದ ಮೇಲಿರಲಿಲ್ಲ. ಬಂಡೆಗೆ ಹತ್ತಿದ ಪಾಚಿ, ಮರಳಿನ ನಡುವೆ ಇತ್ತು. ಚಂದ ಕಾಣಲೆಂದು ಅದನ್ನು ಎತ್ತಿ ಕೆಂಪು ಹವಳದ ಮೇಲೆ ಕೂರಿಸಿ ಚಿತ್ರ ತೆಗೆದಿದ್ದರೆ? ಚಿತ್ರ ಗೋಡೆಗೆ ಒಪ್ಪುತ್ತಿತ್ತು, ಅದು ಹೇಳುವ ಸಂಗತಿ ಸುಳ್ಳಾಗುತ್ತಿತ್ತು. ಚಿಪ್ಪಿಲ್ಲದ ಬಣ್ಣದ ಕಡಲ ಬಸವನಹುಳು ನ್ಯೂಡಿಬ್ರಾಂಕ್‌ನ ಕಥೆಯೂ ಇದೇ. ಅವುಗಳಲ್ಲಿ ಹಲವಕ್ಕೆ ತಮ್ಮದೇ ಆದ ಒಂದೆರಡು ಬಗೆಯ ಆಹಾರ ಮಾತ್ರ ಗೊತ್ತು. ಅದನ್ನು ಎತ್ತಿ ಬೇರೆ ಸ್ಪಂಜಿನ ಮೇಲಿಟ್ಟರೆ, ಊಟದ ಎಲೆಯಿಂದ ಎಬ್ಬಿಸಿದ ಪಾಪ ಒಂದು, ನೋಡುವವನಿಗೆ ತಪ್ಪು ಪಾಠ ಹೇಳಿದ ಪಾಪ ಇನ್ನೊಂದು.

ಚಿತ್ರ ಎಂದರೆ ಸಾಕ್ಷಿ. ನನ್ನ ಕೌಂಟರಿಗೆ ಯಾರಾದರೂ ಚೆಕ್ಕಿನ ಅಂಕೆಗೆ ಒಂದು ಗೀರು ಸೇರಿಸಿ ತಂದು, “ಒಂದೇ ಗೀರಲ್ಲವೋ, ಪಾಸು ಮಾಡಿ” ಎಂದರೆ ನಾನು ಮಾಡಲಾರೆ. ಗೀರು ಸಣ್ಣದಿರಬಹುದು, ಚೆಕ್ಕು ಖೋಟಾ ಆಯಿತು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಚಿತ್ರಸ್ಪರ್ಧೆಯಲ್ಲಿ 2017ರಲ್ಲಿ ಬಹುಮಾನ ಪಡೆದ ಇರುವೆಬಾಕದ ಚಿತ್ರವನ್ನು, ಅದು ಒಣಹುಲ್ಲು ತುಂಬಿಸಿಟ್ಟ ಪ್ರಾಣಿಯೇ ಇರಬೇಕೆಂದು ತಜ್ಞರು ಹೇಳಿದ ಮೇಲೆ 2018ರಲ್ಲಿ ರದ್ದುಮಾಡಿದರು. ತೆಗೆದವರು ಆರೋಪವನ್ನು ಒಪ್ಪಲಿಲ್ಲ, ಆದರೂ ಬಹುಮಾನ ಉಳಿಯಲಿಲ್ಲ. ನೆಲದ ಮೇಲೆ ಇಷ್ಟು ಕಟ್ಟುನಿಟ್ಟಾದರೆ ನೀರಿನಡಿಗೆ ಯಾಕೆ ಸಡಿಲ? ಹಕ್ಕಿಯ ಗೂಡಿಗೆ ಮರೆಯಾದ ಕೊಂಬೆಯನ್ನು ಕಡಿದು ಚಿತ್ರ ತೆಗೆದರೆ ಕಾಗೆಗೆ ದಾರಿ ತೋರಿಸಿದ ಹಾಗೆ. ಈಗ ಹಲವು ಸ್ಪರ್ಧೆಗಳು ಗೂಡಿನ ಚಿತ್ರವನ್ನೇ ಸ್ವೀಕರಿಸುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಚಿತ್ರಗಳನ್ನು ಮೆಚ್ಚಿ ಬೆಳೆದ ನಮ್ಮಂಥ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಏನೆನ್ನುತ್ತದೆ ಎಂದೂ ಕೇಳಬಹುದು. ನಮ್ಮ ದೇಶದಲ್ಲಿ ಕಡಲಕುದುರೆಯ ಕುಲವನ್ನೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ಸೇರಿಸಿದರು. 1972ರ ಆ ಕಾಯಿದೆ ‘ಬೇಟೆ’ ಎಂಬ ಮಾತಿಗೆ ಕೊಟ್ಟ ಅರ್ಥದಲ್ಲಿ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ಅಟ್ಟುವುದು, ಬಲೆ ಒಡ್ಡುವುದು ಎಲ್ಲ ಸೇರಿದೆ. ನಾನು ವಕೀಲನಲ್ಲ. ಕೋಲಿನಿಂದ ತಿರುಗಿಸಿದ್ದಕ್ಕೆ ಯಾವ ಶಿಕ್ಷೆ ಎಂದು ಹೇಳಲಾರೆ. ಆದರೆ ಆ ಕಾಯಿದೆ ಬರೆದವರ ಮನಸ್ಸು ಯಾವ ಕಡೆಗೆ ಇತ್ತೆಂಬುದು ಗುಮಾಸ್ತನಿಗೂ ಅರ್ಥವಾಗುತ್ತದೆ.

“ಇಂಡೋನೇಷ್ಯಾದ ಕುದುರೆಯ ಚಿಂತೆ ಕಾಸರಗೋಡಿನವರಿಗೆ ಯಾಕೆ ಮಾರಾಯ್ರೇ?” ಎಂದು ಕೇಳುವವರಿದ್ದಾರೆ. ಈ ಹವ್ಯಾಸ ನಮ್ಮ ಬಾಗಿಲಿಗೂ ಬಂದಿದೆ. 1956ರ ನವೆಂಬರ್ 1ರ ತನಕ ನಮ್ಮ ಕಾಸರಗೋಡು ತಾಲೂಕು ಹೇಗೋ ಹಾಗೆಯೇ ಅಮೀನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳೂ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಒಂದೇ ದಿನ ನಾವು ಕೇರಳಕ್ಕೆ ಸೇರಿದೆವು, ಅವು ಕೇಂದ್ರಾಡಳಿತ ಪ್ರದೇಶವಾದವು. ಆ ಹಳೆಯ ನೆರೆಹೊರೆಯ ಕಡಮತ್‌ನಲ್ಲಿ ಇಂದು ಸ್ಕೂಬಾ ಇದೆ, ಇತ್ತ ನೇತ್ರಾಣಿಯಲ್ಲೂ ಇದೆ. ಲಕ್ಷದ್ವೀಪದ ಹವಳ 1998, 2010, 2016 ಮತ್ತು 2024ರಲ್ಲಿ ಕಡಲ ಬಿಸಿಗೆ ಬೆಳ್ಳಗಾಯಿತು. ಹವಳ ಸತ್ತರೆ ಅದರ ಸಂದಿಗೊಂದಿಯಲ್ಲಿ ಬಾಳುವ ಕಿರುಜೀವಿಗೆ ಮನೆಯಿಲ್ಲ. ಅಷ್ಟು ಕಷ್ಟದಲ್ಲಿ ಉಳಿದದ್ದನ್ನು ಚಿತ್ರಕ್ಕಾಗಿ ತಿವಿಯುವವರು ನಮ್ಮ ಮನೆಯ ಮಕ್ಕಳೇ ಆಗಬೇಕೇ?

ಹವ್ಯಾಸವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಕಾಯಲು ಕಲಿಯಿರಿ ಎನ್ನುತ್ತಿದ್ದೇನೆ. 1893ರಲ್ಲಿ ಫ್ರಾನ್ಸಿನ ಬಾನ್ಯುಲ್ಸ್ ಕಡಲಲ್ಲಿ ನೀರಿನಡಿಯ ಚಿತ್ರ ತೆಗೆದ ಲೂಯಿ ಬೂತಾಂ, ಒಂದು ಚಿತ್ರಕ್ಕೆ ಅರ್ಧ ಗಂಟೆಯ ತನಕವೂ ಬೆಳಕಿಗಾಗಿ ಕಾಯಬೇಕಾಗಿತ್ತು. ನಿಮ್ಮ ಕ್ಯಾಮೆರಾಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಉಳಿದ ಹೊತ್ತನ್ನು ಆ ಜೀವಿಗೆ ಕೊಡಿ. ಅದು ತಿರುಗದಿದ್ದರೆ ಬೆನ್ನಿನ ಚಿತ್ರ ತೆಗೆದುಕೊಂಡು ಮೇಲೆ ಬನ್ನಿ. ಬೆನ್ನೂ ಅದರದ್ದೇ.

ಮನೆಯಲ್ಲಿ ಇರುವ ನಮಗೂ ಕೆಲಸ ಉಂಟು. ದುಡ್ಡು ಕೊಡುವವರು ದೋಣಿ ಹತ್ತುವ ಮೊದಲೇ ಗೈಡಿಗೆ ಹೇಳಿಬಿಡಲಿ: ಮುಟ್ಟಿ ತೋರಿಸುವುದು ಬೇಡ, ಚಿತ್ರ ಸಿಗದಿದ್ದರೂ ಟಿಪ್ಸು ಇದೆ. ಶಾಲೆಗಳಲ್ಲಿ, ಸಂಘಗಳಲ್ಲಿ ಪ್ರದರ್ಶನ ಇಡುವವರು ಪ್ರತಿ ಚಿತ್ರದ ಕೆಳಗೆ, ಜೀವಿಯನ್ನು ಅಲುಗಿಸಿಲ್ಲ ಎಂದು ತೆಗೆದವರ ಸಹಿ ಹಾಕಿಸಲಿ. ಸಹಿ ಹಾಕಲು ಹಿಂಜರಿಯುವವರ ಚಿತ್ರ ಗೋಡೆಗೆ ಬೇಡ. ಇನ್ನು ಮೊಬೈಲಿಗೆ ಇಂಥದೊಂದು ಚಿತ್ರ ಬಂದಾಗ, ‘ವಾಹ್’ ಎನ್ನುವ ಮೊದಲು ಒಂದೇ ಪ್ರಶ್ನೆ ಕೇಳೋಣ: ಅದು ತಾನಾಗಿ ಕೂತದ್ದೋ, ನೀನು ಕೂರಿಸಿದ್ದೋ? ಕನ್ನಡದಲ್ಲಾದರೂ ಕೇಳಿ, ಮಲಯಾಳದಲ್ಲಾದರೂ ಕೇಳಿ. ಉತ್ತರ ಬರುವ ತನಕ ಹೊಗಳಿಕೆ ಬಾಕಿ ಇರಲಿ.