ಕೌದಿ ಕೊಳ್ಳಿ, ಕಥೆ ಕೇಳಬೇಡಿ

ಮನೆಯಲ್ಲೇ ಕೂತು ವ್ಯಾಪಾರ ಮಾಡುವುದನ್ನು ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಡಸಾಲೆಯಲ್ಲಿ ಇಳಕಲ್ ಸೀರೆಯ ಗಂಟು ಬಿಚ್ಚಿದರೆ ಸಾಕು, ಅರ್ಧ ಓಣಿ ಅಲ್ಲೇ ಸೇರುತ್ತದೆ. ಸೆರಗು ಹಿಡಿದು ನೋಡುವವರು, ಕಂತಿನ ಲೆಕ್ಕ ಹಾಕುವವರು, ಚಹಾ ಕುಡಿದು ಬರಿಗೈಲಿ ಎದ್ದು ಹೋಗುವವರು, ಎಲ್ಲರೂ ಇರುತ್ತಾರೆ. ಅಮೆರಿಕದ ಟಪ್ಪರ್‌ವೇರ್ ಕಂಪನಿ 1951ರಲ್ಲಿ ಅಂಗಡಿಗಳನ್ನು ಬಿಟ್ಟು ಮನೆಕೂಟಗಳಲ್ಲಷ್ಟೇ ಡಬ್ಬಿ ಮಾರಲು ಶುರುಮಾಡಿದಾಗ ನಂಬಿದ್ದೂ ಇದನ್ನೇ: ಗೆಳತಿಯ ಮನೆಯಲ್ಲಿ ಕೊಳ್ಳುವವರ ಕೈ ಸಡಿಲ.

ಇದೇ ಉಪಾಯ ಈಗ ಪಶ್ಚಿಮದ ದೇಶಗಳಲ್ಲಿ ಮಾನವ ಕಳ್ಳಸಾಗಣೆಯಿಂದ ಪಾರಾದ ಮಹಿಳೆಯರಿಗಾಗಿ ಬಳಕೆಯಾಗುತ್ತಿದೆ. ಒಬ್ಬಾಕೆ ನೆರೆಹೊರೆಯವರನ್ನು ಕರೆದು, ಆ ಮಹಿಳೆಯರು ತಯಾರಿಸಿದ ಚೀಲ, ಹೊದಿಕೆ, ಸರಗಳನ್ನು ಮೇಜಿನ ಮೇಲೆ ಹರಡುತ್ತಾಳೆ. ಇಂಥ ವಸ್ತುಗಳಲ್ಲಿ ಎಷ್ಟೋ ನಮ್ಮ ದೇಶದವೇ. ಕೋಲ್ಕತ್ತದ ಸೋನಾಗಾಚಿಯಲ್ಲಿ 2001ರಲ್ಲಿ ಕೆಲಸ ಆರಂಭಿಸಿದ ಫ್ರೀಸೆಟ್ ಸೆಣಬಿನ ಚೀಲ ಹೊಲಿಸಿತು. 2006ರಲ್ಲಿ ಹುಟ್ಟಿದ ಸಾರಿ ಬಾರಿ ಹಳೆಯ ಸೀರೆಗಳಿಂದ ಹೊದಿಕೆ ಮಾಡಿಸಿತು.

ಹಳೆ ಸೀರೆಯ ಹೊದಿಕೆ ಎಂದರೆ ನಮ್ಮ ಕೌದಿಯಲ್ಲವೇ? ರಾಯಚೂರು ಸೀಮೆಯಲ್ಲಿ ಸವೆದ ಸೀರೆ, ಹರಿದ ಧೋತರ, ಕುಪ್ಪಸದ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ದಾರ ಓಡಿಸುವ ಕೈಗಳಿಗೆ ಬರವಿಲ್ಲ. ಕೂಸಿಗೆ ಹೊದಿಸಲು ಮೆತ್ತನೆಯದು, ಹೊಲಕ್ಕೆ ಒಯ್ಯಲು ಗಟ್ಟಿಯದು. ಇನ್ಫೋಸಿಸ್ ಫೌಂಡೇಶನ್ ಮೂಲಕ ಮಾಜಿ ದೇವದಾಸಿಯರೊಡನೆ ಕೆಲಸ ಮಾಡಿದ ಸುಧಾ ಮೂರ್ತಿ ಅವರಿಗೆ ಆ ಮಹಿಳೆಯರು ಕೊಟ್ಟ ಉಡುಗೊರೆಯೂ ಕೈಹೊಲಿಗೆಯ ಹೊದಿಕೆಯೇ. ಅವರ 2017ರ ಇಂಗ್ಲಿಷ್ ಪುಸ್ತಕಕ್ಕೆ ಹೆಸರು ಬಂದದ್ದು ಅದರ ಮೂರು ಸಾವಿರ ಹೊಲಿಗೆಗಳಿಂದ.

ಹಾಗಾದರೆ ಮಸ್ಕಿಯಲ್ಲೂ ಇಂಥ ಕೂಟ ನಡೆಯಬಾರದೇಕೆ? ಖಂಡಿತ ನಡೆಯಬೇಕು. ಆದರೆ ಪರದೇಶದ ಪದ್ಧತಿಯಲ್ಲಿ ಒಂದು ಭಾಗವನ್ನು ಹೊಸ್ತಿಲಾಚೆಯೇ ಬಿಡಬೇಕು: ವಸ್ತುವಿನ ಜೊತೆ ಮಾಡಿದವಳ ಕಥೆ ಮಾರುವುದನ್ನು. ಅಲ್ಲಿ ಚೀಲದ ಜೊತೆಗೊಂದು ಚೀಟಿ ಬರುತ್ತದೆ. ಈಕೆಯನ್ನು ಇಂಥ ವಯಸ್ಸಿನಲ್ಲಿ ಮಾರಿದರು, ಹೀಗೆ ಪಾರಾದಳು ಎಂದು. ಹೊಲಿದವಳು ಸಾವಿರಾರು ಮೈಲಿ ದೂರ, ಓದಿದವರಿಗೆ ಅವಳ ಗುರುತಿಲ್ಲ. ಮಸ್ಕಿಯಲ್ಲಿ ಆಕೆ ಪಕ್ಕದ ಓಣಿಯವಳು. ಅವಳ ಮಗಳು ಓದುವ ಶಾಲೆಯಲ್ಲೇ ಕೊಳ್ಳುವವಳ ಮಗನೂ ಓದುತ್ತಾನೆ. ಕನಿಕರದಿಂದ ಬರೆದ ಚೀಟಿಯೇ ಮರುದಿನ ಸಂತೆಯಲ್ಲಿ ಆಡಿಕೊಳ್ಳುವವರ ಬಾಯಿಗೆ ಬೀಳುತ್ತದೆ.

ಈ ಸೀಮೆಯಲ್ಲಿ ಕಳ್ಳಸಾಗಣೆಗೆ ಎರಡು ಹಳೆಯ ದಾರಿಗಳಿವೆ. ಒಂದು ದೇವದಾಸಿ ಪದ್ಧತಿ. ಮುತ್ತು ಕಟ್ಟಿಸಿಕೊಂಡ ಎಷ್ಟೋ ಹುಡುಗಿಯರನ್ನು ಸಾಂಗಲಿ, ಪುಣೆ, ಮುಂಬೈಗೆ ಸಾಗಿಸಲಾಯಿತು. 1982ರ ಕಾಯ್ದೆ ಸಮರ್ಪಣೆಯನ್ನು ನಿಷೇಧಿಸಿದರೂ, 1993-94 ಮತ್ತು 2007-08ರ ಸಮೀಕ್ಷೆಗಳು ರಾಜ್ಯದಲ್ಲಿ ಗುರುತಿಸಿದ ಮಹಿಳೆಯರ ಸಂಖ್ಯೆ 46,660. ಇನ್ನೊಂದು ದಾರಿ ಗುಳೆ. ಸಿಂಧನೂರಿನ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ. ನೀರು ಕಾಣದ ಹಳ್ಳಿ, ತಾಂಡಾಗಳಿಂದ ಜನ ಬೆಂಗಳೂರು, ಪುಣೆಯ ಬಸ್ ಹತ್ತುತ್ತಾರೆ. ಮುಂಗಡ ಕೊಟ್ಟ ಗುತ್ತಿಗೆದಾರ ಒಳ್ಳೆಯವನಾದರೆ ಅದು ಕೂಲಿ, ಕೆಟ್ಟವನಾದರೆ ಜೀತ.

ಗುರುತು ಮುಚ್ಚಿಡುವ ವಿಷಯದಲ್ಲಿ ಕಾನೂನು ನಮಗಿಂತ ಮುಂದಿದೆ. ಅತ್ಯಾಚಾರದಂಥ ಅಪರಾಧಗಳ ಸಂತ್ರಸ್ತೆಯ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಶಿಕ್ಷಾರ್ಹ. 2025ರಲ್ಲಿ ರಾಜ್ಯ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆ, ಆ ಮಹಿಳೆಯರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯವನ್ನು ತೆಗೆದುಹಾಕಿತು. ತಹಶೀಲ್ದಾರ್ ಕಚೇರಿಯೇ ಕೇಳಬಾರದ ಪ್ರಶ್ನೆಯನ್ನು ಕೌದಿ ಕೊಳ್ಳಲು ಬಂದವರು ಕೇಳುವುದು ಯಾವ ನ್ಯಾಯ?

ಕಥೆಯಿಲ್ಲದಿದ್ದರೆ ಮಾಲು ಹೋಗುವುದಿಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಕೈಯಿಂದ ಹೊಲಿದ ದೊಡ್ಡ ಕೌದಿಗೆ ಹತ್ತು ದಿನ ಹಿಡಿಯಿತು ಎಂದುಕೊಳ್ಳಿ. 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಆ ಲೆಕ್ಕದಲ್ಲಿ ಕೂಲಿಯೇ 3,700. ಕೆಲವೇ ನೂರು ರೂಪಾಯಿಗೆ ಮಿಲ್ಲಿನ ಹೊದಿಕೆ ಸಿಗುವಾಗ ‘ಯವ್ವಾ, ಆರನೂರಕ್ಕ ಕೊಡ್ತಿಯೇನು?’ ಎಂದು ಕೇಳುವವರೇ ಹೆಚ್ಚು. ಅದಕ್ಕೆ ಚೀಟಿ ಇರಲಿ, ಬರಹ ಬೇರೆಯಿರಲಿ: ಹೊಲಿಯಲು ಹಿಡಿದ ದಿನಗಳು, ಹೊಲಿದವಳ ಕೈಸೇರಿದ ಕೂಲಿ, ಬಟ್ಟೆ-ದಾರದ ಖರ್ಚು. ಆಕೆ ಯಾರು ಎಂಬುದಕ್ಕಿಂತ ಆಕೆಗೆ ಎಷ್ಟು ಸಿಕ್ಕಿತು ಎಂಬುದು ಕೊಳ್ಳುವವರು ತಿಳಿಯಬೇಕಾದ ಸಂಗತಿ. ಕರುಣೆಯಿಂದ ಕೊಂಡವರು ಒಮ್ಮೆ ಕೊಳ್ಳುತ್ತಾರೆ. ಹೊಲಿಗೆ ಮೆಚ್ಚಿ ಕೊಂಡವರು ಮಗಳ ಕುಬಸಕ್ಕೆ ಒಂದು, ಮೊಮ್ಮಗನ ತೊಟ್ಟಿಲಿಗೆ ಇನ್ನೊಂದು ಹೇಳಿ ಹೋಗುತ್ತಾರೆ.

ಕೌದಿಯೊಂದನ್ನೇ ನೆಚ್ಚಿಕೊಳ್ಳಬೇಕಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ವರ್ಷವಿಡೀ ಖರ್ಚಾಗುತ್ತವೆ. ಮಾರುವ ಮೇಜಿನ ಮೇಲೆ ಊರಿನ ಬೇರೆ ಸ್ವಸಹಾಯ ಸಂಘಗಳ ಮಾಲೂ ಜೊತೆಗಿದ್ದರೆ ಯಾವುದು ಯಾರದೆಂಬ ಕುತೂಹಲವೂ ತಣ್ಣಗಾಗುತ್ತದೆ.

ಕೂಟದಿಂದ ಆಗದ ಕೆಲಸವೂ ಇದೆ. ಜೀತದಿಂದ ಬಿಡುಗಡೆಯಾದವರಿಗೆ ಕೇಂದ್ರದ 2016ರ ಯೋಜನೆ ಪುರುಷರಿಗೆ 1 ಲಕ್ಷ, ಮಹಿಳೆ ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ, ಕಳ್ಳಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ನಿಗದಿ ಮಾಡಿದೆ. ಪೂರ್ತಿ ಹಣ ಬರಲು ತಪ್ಪಿತಸ್ಥನಿಗೆ ಶಿಕ್ಷೆಯಾಗಬೇಕು; ಅದಕ್ಕೂ ಮೊದಲು ಬಿಡುಗಡೆ ಪ್ರಮಾಣಪತ್ರ ಕೈಗೆ ಬರಬೇಕು. ಆ ಕಾಗದಕ್ಕಾಗಿ ಅಲೆಯುವವಳಿಗೆ ಎರಡು ಕೌದಿ ಮಾರಿಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಕೂಟ ಕರೆಯುವ ಮನೆಯವರಿಗೆ ಊರಿನ ವಕೀಲರು, ಪಂಚಾಯಿತಿ ಸದಸ್ಯರು, ಶಿಕ್ಷಕಿಯರ ಪರಿಚಯವಿರುತ್ತದೆ. ಆ ಪರಿಚಯ ಅರ್ಜಿಯೊಂದಕ್ಕೆ ಬೆನ್ನಾಗಿ ನಿಲ್ಲಲಿ.

ಶುರುಮಾಡಲು ದೊಡ್ಡ ಬಂಡವಾಳ ಬೇಡ. ಭತ್ತದ ದುಡ್ಡು ಕೈಗೆ ಬರುವ, ಮದುವೆಗಳು ಸಾಲುಗಟ್ಟುವ ದಿನಗಳಲ್ಲಿ ಸಿಂಧನೂರಿನ ಮನೆಗಳಲ್ಲಿ ಕೂಟ ಕರೆಯಬಹುದು. ಅರ್ಧ ಹಣ ಮುಂಗಡ ಕೊಟ್ಟರೆ ಬಟ್ಟೆ-ದಾರಕ್ಕೆ ಹೊಲಿಯುವವರು ಸಾಲ ಮಾಡಬೇಕಿಲ್ಲ. ಕೂಟ ನಡೆಸಿದವರಿಗೆ ಕಂಪನಿಗಳು ಕೊಡುವಂಥ ಕಮಿಷನ್ ಇಲ್ಲಿ ಬೇಡವೇ ಬೇಡ, ಚಹಾ-ಚೂಡಾ ಖರ್ಚು ಮನೆಯವರದೇ ಇರಲಿ. ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಹಾಕುವುದಾದರೆ ಕೌದಿಯದಷ್ಟೇ ಹಾಕಿ, ಕೆಳಗೆ ಅಳತೆ ಮತ್ತು ಬೆಲೆ ಬರೆದರೆ ಸಾಕು.